ಗುದ್ಲೆಪ್ಪನ ಎಡಗಾಲು ಮತ್ತು ನನ್ನ ನೋಟ್ಸು

ಗುದ್ಲೆಪ್ಪನ ಎಡಗಾಲು ಇಂದಿಗೂ ಗುದ್ಲೆಪ್ಪನ ಬಳಿಯೇ ಇದೆ. ಅದು ಉಳಿದದ್ದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಕಳೆಯುವ ಕೆಲಸದಲ್ಲಿ ಮಾತ್ರ ಕೈಲಾದಷ್ಟು ಮಾಡಿದ್ದೆ.

ಹಾನಗಲ್ಲಿನ ಒಂದು ಸಣ್ಣ ನರ್ಸಿಂಗ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಹೇಳುತ್ತಿದ್ದೇನೆ ಎಂದರೆ ಬರೆಸುತ್ತಿದ್ದೇನೆ. ನನ್ನ ನೋಟ್ಸಿನ ಹಾಳೆಗಳು ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿವೆ. ಎಲ್ಲಿ ಕೆಮ್ಮಬೇಕೆಂಬುದೂ ಅದರಲ್ಲಿ ಬರೆದಿದೆ ಎಂದು ಹುಡುಗಿಯರು ಆಡಿಕೊಳ್ಳುತ್ತಾರೆ. ಅದು ಸುಳ್ಳು. ಕೆಮ್ಮು ನನಗೆ ಬಾಯಿಪಾಠ.

ಗುದ್ಲೆಪ್ಪ ನಮ್ಮ ಜವಾನ. ದುಂಡಸಿಯವನು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಬಂದು ಒಂಬತ್ತೂವರೆಗೆ ಗಂಟೆ ಹೊಡೆಯುತ್ತಾನೆ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಚಪ್ಪಲಿ ಮೆಟ್ಟಿ ತರಗತಿಯೊಳಗೆ ಬಂದವನಲ್ಲ. "ವಿದ್ಯಾ ಇರೋ ಜಾಗಾರೀ" ಎಂದು ಬಾಗಿಲಲ್ಲೇ ಬಿಡುತ್ತಿದ್ದ. ನನ್ನ ತರಗತಿಯ ಬಗ್ಗೆ ಹಾಗೆ ನಂಬಿದ ಮನುಷ್ಯ ಅವನೊಬ್ಬನೇ. ಊರ ನಾಟಕಗಳಲ್ಲಿ ಅವನದು ಯಾವಾಗಲೂ ದ್ವಾರಪಾಲಕನ ಪಾತ್ರ. ಭರ್ಜಿ ಹಿಡಿದು ನಿಲ್ಲಬೇಕು, ಮಾತಿಲ್ಲ.

ಹೋದ ವರ್ಷ ಸುತ್ತೋಲೆ ಬಂತು: ಇನ್ನು ಮುಂದೆ ವಿದ್ಯಾರ್ಥಿಗಳು ತಾವೇ ಕೇಳಿ, ನೋಡಿ, ಮಾಡಿ ಕಲಿಯಬೇಕು. ಅದರ ಹೆಸರು ಕ್ರಿಯಾಶೀಲ ಕಲಿಕೆ. ನಾನು ತಡಮಾಡಲಿಲ್ಲ. 'ಕ್ರಿಯಾಶೀಲ ಕಲಿಕೆಯ ಹನ್ನೆರಡು ಲಕ್ಷಣಗಳು' ಎಂದು ಎರಡು ತಾಸು ನೋಟ್ಸು ಬರೆಸಿದೆ. ನಡುವೆ ಯಾರೋ ಪ್ರಶ್ನೆ ಕೇಳಲು ಕೈ ಎತ್ತಿದಾಗ ಮೇಜು ಕುಟ್ಟಿ ಕೂರಿಸಿದೆ. ಆಮೇಲೆ ಒಂದೊಂದು ಲಕ್ಷಣಕ್ಕೆ ಒಂದೊಂದು ಚಾರ್ಟು ಮಾಡಿ, ಗೋಡೆಗೆ ಪಿನ್ನು ಚುಚ್ಚಿ ಹಚ್ಚಿದೆ. ಫ್ಯಾನು ಹಾಕಿದಾಗಲೆಲ್ಲ ಚಾರ್ಟುಗಳು ಪಟಪಟ ಬಡಿದು ಪಿನ್ನುಗಳು ಉದುರುತ್ತಿದ್ದವು. ಗುದ್ಲೆಪ್ಪ ಬರಿಗಾಲಲ್ಲಿ ಬಂದು ಆರಿಸಿ ಮತ್ತೆ ಚುಚ್ಚುತ್ತಿದ್ದ.

ಮುಂದಿನದು ಪ್ರಾಯೋಗಿಕ ಪರೀಕ್ಷೆ. ಅದಕ್ಕೆ ರೋಗಿಯಂತೆ ನಟಿಸುವವರು ಬೇಕಿತ್ತು. ಗುದ್ಲೆಪ್ಪನನ್ನು ಕರೆದೆ.

"ಮಾತು ಅದಾವೇನ್ರೀ ಸರ್?"

"ಹದಿನಾಲ್ಕು ಅದಾವ."

ಅವನ ಕಣ್ಣು ತುಂಬಿ ಬಂತು. ರೋಗ ಎದೆನೋವು ಎಂದು ನಾನೇ ನಿಶ್ಚಯಿಸಿದೆ. ಹುಡುಗಿಯರಿಗೆ ಹದಿನಾಲ್ಕು ಪ್ರಶ್ನೆ, ಅವನಿಗೆ ಹದಿನಾಲ್ಕು ಉತ್ತರ. ಎರಡನ್ನೂ ಬರೆಸಿದೆ. ಕ್ರಿಯಾಶೀಲತೆಯನ್ನು ಅವರ ಕೈಗೆ ಬಿಡುವಷ್ಟು ಧೈರ್ಯ ನನಗಿರಲಿಲ್ಲ.

ಪರೀಕ್ಷೆಯ ದಿನ ಗುದ್ಲೆಪ್ಪ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸೀದಾ ಒಳಗೆ ಬಂದ. ನಾನು ಗಮನಿಸಲಿಲ್ಲ, ನನ್ನ ಗಮನವೆಲ್ಲ ಅವನ ಮಾತಿನ ಮೇಲಿತ್ತು. ಮೂರು ಹುಡುಗಿಯರು ಕ್ರಮವಾಗಿ ಕೇಳಿದರು, ಅವನು ನಾಟಕದ ಅರಮನೆಗೇ ಕೇಳಿಸುವಂತೆ ನರಳಿದ.

ನಾಲ್ಕನೆಯವಳು ತಿಳವಳ್ಳಿಯ ಮಂಜುಳಾ. ಬಾಗಿಲ ಪಕ್ಕದ ಕೊನೆಯ ಬೆಂಚು ಅವಳದು. ಎರಡು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ್ದು 'ಪ್ರೆಸೆಂಟ್ ಸರ್' ಮಾತ್ರ. ಅವಳು ಮೊದಲು ಕೇಳಿದ್ದೇ ಇದು:

"ಕಾಕಾ, ಇವತ್ತ ಬೂಟು ಯಾಕ ಬಾಗಲದಾಗ ಬಿಡಲಿಲ್ಲ?"

ಗುದ್ಲೆಪ್ಪ ನನ್ನ ಮುಖ ನೋಡಿದ. "ಸರ್, ಇದು ಎಷ್ಟನೇ ಪ್ರಶ್ನಿ ರೀ?"

"ಏ ಮಂಜುಳಾ, ನೋಟ್ಸ್‌ನಾಗ ಇದ್ದದ್ದು ಕೇಳು" ಎಂದು ಗದರಿ, ಅವಳ ಹೆಸರಿನ ಮುಂದೆ ಹತ್ತಕ್ಕೆ ಎರಡು ಎಂದು ಬರೆದೆ.

"ದಿನಾ ಇವರ ಚಪ್ಪಲಿ ನನ್ನ ಬೆಂಚಿನ ಹತ್ರನ ಇರ್ತಾವ್ರೀ ಸರ್. ಇವತ್ತ ಇಲ್ಲ. ಕಾಕಾ, ಬಿಚ್ರಿ."

"ಬ್ಯಾಡ ತಂಗಿ. ನನ್ನ ಪಾರ್ಟು ಹೋಗತೈತಿ. ಸಣ್ಣ ಗಾಯ, ನೋವೂ ಇಲ್ಲ."

"ನೋವಿಲ್ಲ ಅಂತನ ಬಿಚ್ರಿ ಅನ್ನಾಕತ್ತೇನಿ."

ಅವಳೇ ನೆಲಕ್ಕೆ ಕುಳಿತು ಬೂಟು ಕಳಚಿದಳು. ಒಳಗಿದ್ದ ಬಟ್ಟೆ ಬಿಚ್ಚಿದರೆ ಅಂಗಾಲು ಕಪ್ಪಾಗಿ ಬಾತು ಕೀವು ತುಂಬಿತ್ತು. ಅದರ ನಡುವೆ ಹಿತ್ತಾಳೆಯ ಒಂದು ಪಿನ್ನು. ನನ್ನದೇ. ಹನ್ನೆರಡರಲ್ಲಿ ಯಾವ ಲಕ್ಷಣದಿಂದ ಉದುರಿದ್ದೋ! ಎಷ್ಟು ದಿನದಿಂದ ಅಲ್ಲಿತ್ತೋ ಅವನಿಗೆ ತಿಳಿಯದು, ಚುಚ್ಚಿದ್ದೇ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆಯವರ ಪಾದ ಮರಗಟ್ಟಿ ಗಾಯದ ಅರಿವೇ ಆಗದೆ ಹೋಗಬಹುದು ಎಂದು ಇಪ್ಪತ್ತೆರಡು ವರ್ಷದಿಂದ ಬರೆಸುತ್ತ ಬಂದವನು ನಾನು. ಮೂವತ್ತೊಂದನೆಯ ಪುಟ, ಎರಡನೆಯ ಕೆಮ್ಮಿನ ನಂತರ.

ಆಸ್ಪತ್ರೆಯಲ್ಲಿ ಸಕ್ಕರೆ ನಾನೂರರ ಹತ್ತಿರ ಬಂತು. "ಇನ್ನ ನಾಕ ದಿನಾ ತಡಾ ಮಾಡಿದ್ರ ಕಾಲು ತಗೀಬೇಕಾಗ್ತಿತ್ತು" ಎಂದರು ಡಾಕ್ಟರು. ನಾನು ತಲೆ ತಗ್ಗಿಸಿ, ನನ್ನ ಪಿನ್ನಿನ ಡಬ್ಬಿಯನ್ನು ಇನ್ನಷ್ಟು ಆಳಕ್ಕೆ ಜೇಬಿಗೆ ತುರುಕಿದೆ. ಹತ್ತು ದಿನ ಅವನು ಹಾಸಿಗೆಯಲ್ಲಿದ್ದ. ನೋಡಲು ಹೋದಾಗ ಅವನಿಗಿದ್ದ ಚಿಂತೆ ಒಂದೇ: "ಮಂಜುಳಾಗ ಹೇಳೋ ಹದಿನಾಲ್ಕೂ ಮಾತು ಹಂಗ ಉಳದ್ವಲ್ರೀ ಸರ್."

ಮಂಜುಳಾಳ ಹೆಸರಿನ ಮುಂದಿದ್ದ ಎರಡನ್ನು ಹೊಡೆದುಹಾಕಿ ಹತ್ತು ಬರೆದೆ.

ಚಾರ್ಟುಗಳನ್ನು ಇಳಿಸಿದ್ದೇನೆ. ಗುದ್ಲೆಪ್ಪ ಡಾಕ್ಟರ ಆಜ್ಞೆಯಂತೆ ಈಗ ಬೂಟು ಹಾಕಿಕೊಂಡೇ ಒಳಗೆ ಬರಬೇಕು. ನಾಚಿಕೆಯಿಂದ ಬಾಗಿಲಲ್ಲೇ ನಿಲ್ಲುತ್ತಾನೆ. ಮುಂದಿನ ಪರೀಕ್ಷೆಯಲ್ಲಿ ರೋಗಿಯ ಪಾತ್ರಕ್ಕೆ ಬೇರೆ ಯಾರೂ ಸಿಗದೆ ನಾನೇ ಕುಳಿತೆ, ಈ ಸಲ ನೋಟ್ಸಿಲ್ಲದೆ. ಮಂಜುಳಾ ಬಿ.ಪಿ. ನೋಡಿ ಹುಬ್ಬೇರಿಸಿದಳು.

"ಎಣ್ಣ್ಯಾಗ ಕರದ ತಿಂಡಿ ತಿಂತೀರೇನ್ರೀ?"

"ಅಪರೂಪಕ್ಕೊಮ್ಮೆ" ಎಂದೆ.

ಬಾಗಿಲಿನಿಂದ ದ್ವಾರಪಾಲಕ ಮಾತಾಡಿದ: "ಸುಳ್ಳು ತಂಗಿ! ದಿನಾ ನಾಕು ಗಂಟೇಕ ಮೂರು ಮಿರ್ಚಿ ಭಜಿ. ತಂದ ಕೊಡಾವ ನಾನ!"

ಹುಡುಗಿಯರೆಲ್ಲ ಬರೆದುಕೊಂಡರು.