ಗಸಿ ಇಳಿಯುವಷ್ಟು ಹೊತ್ತು

ನನ್ನ ವಾರಗಿತ್ತಿ, ನಾನು ಅಕ್ಕ ಎಂದೇ ಕರೆಯುವವಳು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ. ಅದರಿಂದಲೋ ಏನೋ, ಕೈಗೆ ಸಿಕ್ಕಿದ್ದನ್ನೆಲ್ಲ ಬೆಳಕಿಗೆ ಹಿಡಿದು ನೋಡುವುದು ಅವಳಿಗೆ ಅಭ್ಯಾಸ. ಲೋಟ ಕೊಂಡರೂ ಬೆಳಕಿಗೆ, ಮಗುವಿನ ಅಂಗಿ ಕೊಂಡರೂ ಬೆಳಕಿಗೆ. ಮದುವೆಯಾದ ಹೊಸದರಲ್ಲಿ ನನ್ನನ್ನೂ ಕಿಟಕಿ ಪಕ್ಕ ನಿಲ್ಲಿಸಿಯೇ ಮಾತಾಡಿಸಿದ್ದಳು.

ಅವಳು ಸೊಸೆಯಾಗಿ ಬಂದಾಗ ನನ್ನ ಗಂಡ ಇನ್ನೂ ಶಾಲೆಗೆ ಹೋಗುವ ಹುಡುಗ. ಅತ್ತೆ ಆಗಲೇ ತೀರಿಕೊಂಡಿದ್ದರು. ತಲೆ ಬಾಚಿ, ಬುತ್ತಿ ಕಟ್ಟಿ, ಪರೀಕ್ಷೆಯ ದಿನ ಶಾಲೆಯ ಗೇಟಿನವರೆಗೆ ಬಿಟ್ಟು ಬಂದು ಬೆಳೆಸಿದವಳು ಅವಳೇ. ಈಗ ಬಸ್ಸು ಓಡಿಸುವ ಇಷ್ಟುದ್ದದ ಗಂಡಸನ್ನು ಇವತ್ತಿಗೂ ‘ಮರಿ’ ಎಂದೇ ಕರೆಯುತ್ತಾಳೆ, ಇವರೂ ಓಗೊಡುತ್ತಾರೆ. ಎಲ್ಲ ಗೊತ್ತಿದ್ದೂ ನನಗೆ ಹೊಟ್ಟೆಯುರಿ.

ಅದಕ್ಕೆ ಕಾರಣ ಬೆಳಗಿನ ಕಾಫಿ. ಮಗಳು ಹುಟ್ಟಿದ ಮೇಲೆ ನಾವು ಗಂಡ ಹೆಂಡತಿ ಎದುರುಬದುರು ಕೂರಲು ಸಿಗುವುದು ಮಗು ಏಳುವ ಮೊದಲಿನ ಅಷ್ಟು ಹೊತ್ತು ಮಾತ್ರ. ಅದನ್ನೂ ಇವರು ಮೇಲಿನ ಮಹಡಿಗೆ ಒಯ್ದು ಅತ್ತಿಗೆಯ ಅಡುಗೆಮನೆಯಲ್ಲಿ ಕಳೆದು ಬರುತ್ತಿದ್ದರು. ಭಾವನಿಗೆ ರಾತ್ರಿ ಪಾಳಿ, ಅಕ್ಕನಿಗೂ ಆ ಹೊತ್ತಿಗೆ ಮಾತಿಗೊಬ್ಬರು ಬೇಕು. ಮೇಲಿಂದ ನಗು ಕೇಳಿಸುತ್ತಿತ್ತು. ಏನಕ್ಕೆ ಅಷ್ಟು ನಕ್ಕಿರಿ ಎಂದು ಕೇಳಿದರೆ, “ಏನಿಲ್ಲ, ಹಿಂಗೇ.”

ಹೊಲಿಗೆಯ ದುಡ್ಡಿನಲ್ಲಿ ಒಂದು ಕಾಫಿ ಮೆಷಿನ್ ಕೊಂಡೆ. ತಾನೇ ನೀರು ಕಾಯಿಸಿ, ಪುಡಿಯ ಮೇಲೆ ಸುರಿದು, ಡಿಕಾಕ್ಷನ್ನನ್ನು ಹನಿಹನಿಯಾಗಿ ಇಳಿಸುವಂಥದ್ದು. ಇವರು ಕೆಳಗೇ ಕುಡಿಯತೊಡಗಿದರು. ಆದರೆ ಅದರೊಳಗಿಡುವ ಕಾಗದದ ಫಿಲ್ಟರ್ ಹೇಳದೆ ಕೇಳದೆ ಮುಗಿದುಹೋಗುತ್ತಿತ್ತು; ಮುಗಿದ ದಿನ ಇವರ ಚಪ್ಪಲಿ ಮೆಟ್ಟಿಲೇರುತ್ತಿತ್ತು. ತೊಳೆದು ತೊಳೆದು ಬಳಸುವ ಫಿಲ್ಟರನ್ನೇ ತಂದುಬಿಡೋಣ ಎಂದು ಹೊರಟರೆ ಬಾಗಿಲಲ್ಲೇ ಅಕ್ಕ.

“ತಡಿ, ನಾನೂ ಬರ್ತೀನಿ. ಮಗೂನ ಇಲ್ಲಿ ಕೊಡು.”

ಮಗು ನನ್ನ ಸೊಂಟದಿಂದ ಅವಳ ಸೊಂಟಕ್ಕೆ ಹಾರಿತು. ಅಪ್ಪನ ಮಗಳಲ್ಲವೇ.

ಪಾತ್ರೆ ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಸ್ಟೀಲಿನದು, ಮಂಕು ಮಂಕಾಗಿತ್ತು. ಇನ್ನೊಂದು ಚಿನ್ನದ ಬಣ್ಣದ ಜಾಲರಿಯದು, ಥಳಥಳ ಹೊಳೆಯುತ್ತಿತ್ತು. ಅಕ್ಕ ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದಳು.

“ಚಿನ್ನದ್ದು ಬೇಡ ಕಣೇ, ತೂತು ದೊಡ್ಡದು. ಪುಡಿಯೆಲ್ಲ ಲೋಟಕ್ಕೇ ಬರುತ್ತೆ. ಸ್ಟೀಲಿಂದು ತಗೋ. ಗಸಿ ಬಂದ್ರೆ ನಮ್ಮ ಮರಿಗೆ ಆಗಲ್ಲ, ಚಿಕ್ಕಂದಿನಿಂದ್ಲೂ ಹಂಗೇ.”

ಆ ಕೊನೆಯ ಮಾತೊಂದನ್ನು ಆಡದಿದ್ದರೆ ಸ್ಟೀಲಿನದನ್ನೇ ತರುತ್ತಿದ್ದೆನೋ ಏನೋ.

“ಚಿನ್ನದ್ದೇ ಕೊಡಿ,” ಎಂದೆ.

“ಬಂಗಾರ ಅಂದ್ರೆ ನಮ್ಮೋಳು ಹಿಂದೆಮುಂದೆ ನೋಡಲ್ಲಪ್ಪ,” ಎಂದು ಅಕ್ಕ ಅಂಗಡಿಯವನ ಕಡೆ ತಿರುಗಿ ನಕ್ಕಳು.

ಮರುದಿನ ಇವರು ಒಂದು ಗುಟುಕು ಕುಡಿದು, ಹಲ್ಲಿನ ಮೇಲೆ ನಾಲಿಗೆ ಆಡಿಸಿದರು. “ಇದನ್ನ ಕುಡೀಬೇಕಾ, ಅಗೀಬೇಕಾ?”

“ಒಂಚೂರು ಹೊತ್ತು ಬಿಡಿ. ಗಸಿ ತಳಕ್ಕೆ ಇಳಿಯುತ್ತೆ.”

ಎದ್ದೇ ಹೋಗುತ್ತಾರೆ ಎಂದು ಕಾದೆ. ಹೋಗಲಿಲ್ಲ. ಸುಮ್ಮನೆ ಕೂರಲಾಗದೆ ಮಾತು ತೆಗೆದರು. ಬಸ್ಸಿನ ಬಾಗಿಲು ಮುಚ್ಚಿಕೊಳ್ಳದೆ, ಮುಂದಿನ ಸೀಟಿನ ಅಜ್ಜಿಯೊಬ್ಬರು ದಾರಿಯುದ್ದಕ್ಕೂ ಅದನ್ನು ಕೊಡೆಯಿಂದ ಒತ್ತಿ ಹಿಡಿದುಕೊಂಡು, ಇಳಿಯುವಾಗ “ನಂಗೆ ಸಂಬಳ ಯಾರು ಕೊಡ್ತಾರೆ?” ಎಂದು ಕೇಳಿದರಂತೆ. ಮೇಲಿನವರೆಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ನಕ್ಕೆ.

ಹೀಗೇ ನಡೆದಿತ್ತು. ಒಂದು ಸಂಜೆ ಅಕ್ಕ ಆ ಸ್ಟೀಲಿನ ಫಿಲ್ಟರನ್ನು ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿ ತಂದಳು.

“ಸುಮ್ನೆ ಯಾಕೆ ಒದ್ದಾಡ್ತೀಯ? ಇಟ್ಕೋ.”

ತೆಗೆದುಕೊಂಡೆ. ಮರುದಿನ ಅದನ್ನೇ ಹಾಕಿದೆ. ಒಂದಿಷ್ಟೂ ಗಸಿಯಿಲ್ಲದ ಕಾಫಿ ಇಳಿಯಿತು. ಇವರು ಗಟಗಟನೆ ಕುಡಿದು, “ಥೇಟ್ ಅತ್ತಿಗೆ ಮಾಡ್ದಂಗೇ ಇದೆ” ಎಂದರು. ಇನ್ನೂ ಹೊತ್ತಿತ್ತಲ್ಲ, ಆ ಮಾತನ್ನು ಅತ್ತಿಗೆಗೂ ಹೇಳಿಬರಲು ಮೇಲೆ ಹೋದರು.

ಮಾರನೆಯ ದಿನ ಮತ್ತೆ ಚಿನ್ನದ್ದನ್ನೇ ಹಾಕಿದೆ.

“ಸ್ಟೀಲಿಂದು ಎಲ್ಲಿ?”

“ತೊಳೀಬೇಕು. ಸ್ವಲ್ಪ ತಡೀರಿ, ಗಸಿ ಇಳಿಯುತ್ತೆ.”

“ಸರಿ,” ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಈಗ ಪ್ರತಿ ಭಾನುವಾರ ಅಕ್ಕನನ್ನೇ ಕಾಫಿಗೆ ಕೆಳಗೆ ಕರೆಯುತ್ತೇನೆ. ಅವತ್ತು ಮಾತ್ರ ಸ್ಟೀಲಿನದು. ಅವಳು ಬೇಗ ಕುಡಿದು ಮುಗಿಸಲಿ ಎಂದು.