ಗೊತ್ತಿಲ್ಲದಿರುವುದೇ ಇವರ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಹೆಂಗಸೊಬ್ಬರು ಪೊಲೀಸ್ ಠಾಣೆಯ ಹಿಂದಿನ ಗೇಟು ತಳ್ಳಿ, ನಲ್ಲಿಕಟ್ಟೆ ದಾಟಿ, ತಲೆ ತಗ್ಗಿಸಿಕೊಂಡು ಒಳಗೆ ಬರುತ್ತಾರೆ. ಮುಂಬಾಗಿಲೇ ಹತ್ತಿರ. ಆದರೆ ಅಲ್ಲಿಂದ ಬಂದರೆ ಲಾಕಪ್ ಕಣ್ಣಿಗೆ ಬೀಳುತ್ತದೆ. ಒಳಗೆ ಯಾರಿದ್ದಾರೆಂದು ಅವರು ನೋಡಕೂಡದು. ಅವರನ್ನು ಕಂಡದ್ದೇ ತಡ, ಪೇದೆಯೊಬ್ಬ ಪಕ್ಕದವನಿಗೆ, “ಅಕ್ಕ ಬಂದ್ರು, ಬಾಯಿ ಮುಚ್ಚು” ಎನ್ನುತ್ತಾನೆ. ಇದರಲ್ಲಿ ಅವಮಾನವೇನೂ ಇಲ್ಲ. ಠಾಣೆ ಅವರಿಗೆ ತೋರಿಸುವ ಮರ್ಯಾದೆಯೇ ಇದು.

ಎಲ್ಲರೂ ಕರೆಯುವುದು ಫೋಟೋ ಅಕ್ಕ ಎಂದು. ಕಳ್ಳತನವನ್ನೋ ಹೊಡೆದಾಟವನ್ನೋ ಕಣ್ಣಾರೆ ಕಂಡವರ ಮುಂದೆ ಒಂದೊಂದಾಗಿ ಫೋಟೋ ಇಡುವುದು ಅವರ ಕೆಲಸ. ಲಕೋಟೆಯಲ್ಲಿ ಆರು ಮುಖಗಳಿರುತ್ತವೆ. ಒಂದು ಪೊಲೀಸರಿಗೆ ಅನುಮಾನವಿರುವವನದು, ಮಿಕ್ಕವು ಸಂಬಂಧವೇ ಇಲ್ಲದವರದು. ಯಾವುದು ಯಾರದೆಂದು ಅಕ್ಕನಿಗೆ ಗೊತ್ತಿರುವುದಿಲ್ಲ, ಗೊತ್ತಿರಬಾರದು.

ಇವತ್ತು ಎದುರಿಗೆ ಕುಳಿತಿರುವವಳು ಕಳ್ಳನ ಕೈಗೆ ಚೀಲ ಕಳೆದುಕೊಂಡ ಕಾಲೇಜು ಹುಡುಗಿ. ಅಕ್ಕ ನೀರಿನ ಲೋಟವನ್ನು ಅವಳತ್ತ ಸರಿಸಿ, ದಿನವೂ ಹೇಳುವ ಮಾತನ್ನೇ ಹೇಳುತ್ತಾರೆ: “ಅವನು ಇದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಗೊತ್ತಾಗ್ಲಿಲ್ಲ ಅಂದ್ರೂ ತಪ್ಪಿಲ್ಲ.” ಹುಡುಗಿ ಫೋಟೋ ಬಿಟ್ಟು ಅಕ್ಕನ ಮುಖವನ್ನೇ ನೋಡುತ್ತಾಳೆ. “ನನ್ನ ಮುಖ ನೋಡಿ ಪ್ರಯೋಜನ ಇಲ್ಲ ಕಣಮ್ಮ, ನನಗೂ ಗೊತ್ತಿಲ್ಲ.” ಹುಡುಗಿಗೆ ನಗು ಬರುತ್ತದೆ. ಬಿಗಿಹಿಡಿದಿದ್ದ ಭುಜ ಸಡಿಲಾಗುತ್ತದೆ.

ಅಕ್ಕ ಮೊದಲು ಸ್ಟುಡಿಯೋ ಒಂದರಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸುತ್ತಿದ್ದರು. ಸ್ಟುಡಿಯೋಗೆ ಬೀಗ ಬಿದ್ದ ಮೇಲೆ ಠಾಣೆಯಲ್ಲಿ ಕಡತ ಜೋಡಿಸುವ ಕೆಲಸ ಸಿಕ್ಕಿತು. ಆಗ ಸಾಕ್ಷಿಗಳ ನೆನಪಿನ ಬಗ್ಗೆ ಸಂಶೋಧನೆ ಮಾಡುವ ಮನಶ್ಶಾಸ್ತ್ರದ ಮೇಡಂ ಒಬ್ಬರು ಅಲ್ಲಿಗೆ ಬಂದರು. ಗುಟ್ಟು ಗೊತ್ತಿದ್ದವರು ಫೋಟೋ ತೋರಿಸಿದರೆ, ಬೇಕೆಂದಲ್ಲದಿದ್ದರೂ ಒಂದು ಮುಖದ ಬಳಿ ಕೈ ನಿಧಾನವಾಗುತ್ತದೆ. “ಚೆನ್ನಾಗಿ ನೋಡಿ” ಎಂಬ ಮಾತು ಅಲ್ಲೇ ಬಾಯಿಂದ ಜಾರುತ್ತದೆ. ಹೆದರಿ ಕುಳಿತ ಸಾಕ್ಷಿ ಅದನ್ನು ಹಿಡಿದುಕೊಂಡು “ಇವನೇ” ಎಂದುಬಿಟ್ಟರೆ, ಆ ಮುಖವೇ ಹಳೆಯ ನೆನಪಿನ ಜಾಗದಲ್ಲಿ ಕೂತುಬಿಡುತ್ತದೆ. ಹೀಗೆಂದು ವಿವರಿಸಿದ ಮೇಡಂ, ಏನೂ ಗೊತ್ತಿಲ್ಲದವರೊಬ್ಬರು ಬೇಕು ಎಂದರಂತೆ.

“ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದ್ರು,” ಅಕ್ಕ ನಗುತ್ತಾರೆ. “ಅವತ್ತು ಬೇಜಾರಾಗಿತ್ತು. ಈಗ ಅದೇ ಅನ್ನ ಹಾಕ್ತಿದೆ.”

ಅನ್ನ ಸುಲಭದ್ದಲ್ಲ. ಕೇಸಿನ ಮಾತು ಕಿವಿಗೆ ಬೀಳಬಾರದೆಂದು ಬುತ್ತಿ ಬಿಚ್ಚುವುದು ಒಬ್ಬರೇ. ಠಾಣೆಯಲ್ಲಿದ್ದೂ ಏನೂ ಹೇಳುವುದಿಲ್ಲವೆಂದು ನಾದಿನಿಗೆ ಸಿಟ್ಟು: “ಅತ್ತಿಗೆಗೆ ಜಂಬ.” ಕಂಡಕ್ಟರಾಗಿ ನಿವೃತ್ತರಾದ ಗಂಡ ಮಾತ್ರ ದಿನವೂ ಬೇಗ ಎದ್ದು, ಊರಿನ ಅಪರಾಧದ ಸುದ್ದಿಗಳನ್ನೆಲ್ಲ ಪೇಪರಿನಿಂದ ಕತ್ತರಿಸಿ ತೆಗೆದು, ತೂತು ತೂತಾದ ಹಾಳೆಗಳನ್ನು ಹೆಂಡತಿಯ ಕಾಫಿಯ ಪಕ್ಕದಲ್ಲಿಡುತ್ತಾರೆ. ಇದರಲ್ಲಿ ಸಕ್ಕರೆ ಇದೆಯಾ ಎಂದು ಅಕ್ಕ ಕೇಳಿದರೆ ಗಂಡನ ಉತ್ತರ, “ಇರಬಹುದು, ಇಲ್ಲದೆಯೂ ಇರಬಹುದು.”

ಇಷ್ಟೆಲ್ಲ ಎಚ್ಚರವಿದ್ದರೂ ಹೋದ ತಿಂಗಳು ಒಂದು ಎಡವಟ್ಟಾಯಿತು. ಹಿಂದಿನ ಗೇಟಿನಲ್ಲೇ ಹೆಣ್ಣುಮಗಳೊಬ್ಬಳು ಅಕ್ಕನ ಕೈ ಹಿಡಿದುಕೊಂಡಳು. ಮೊಬೈಲಿನಲ್ಲಿ ಯುವಕನೊಬ್ಬನ ಫೋಟೋ ತೋರಿಸಿ, “ಇವನು ನನ್ನ ತಮ್ಮ ಕಣಮ್ಮ. ಔಷಧಿ ಅಂಗಡಿಯವರಿಗೆ ಚಾಕು ತೋರಿಸಿದ್ದು ಇವನಲ್ಲ” ಎಂದು ಅತ್ತಳು. ಅಕ್ಕ ಕಣ್ಣು ಮುಚ್ಚುವಷ್ಟರಲ್ಲಿ ಮುಖ ಕಂಡಾಗಿತ್ತು. ಅಂದು ಬರಬೇಕಿದ್ದ ಸಾಕ್ಷಿ ಅದೇ ಔಷಧಿ ಅಂಗಡಿಯ ಯಜಮಾನರು. ಅಂಗಡಿ ಮುಚ್ಚಿ ಬಂದು ಕುಳಿತೂ ಆಗಿತ್ತು.

ಅಕ್ಕ ನೇರವಾಗಿ ಇನ್‌ಸ್ಪೆಕ್ಟರ ಬಳಿ ಹೋದರು. “ಇವತ್ತು ನನ್ನ ಕೈಲಿ ಆಗಲ್ಲ ಸಾರ್. ಮುಖ ನೋಡಿಬಿಟ್ಟೆ.”

“ಅಯ್ಯೋ ಅಕ್ಕ, ಯಾರಿಗೆ ಗೊತ್ತಾಗುತ್ತೆ? ಮುಗಿಸಿಬಿಡಿ.”

“ನನಗೆ ಗೊತ್ತಾಗಿದೆಯಲ್ಲ ಸಾರ್. ಗೊತ್ತಾದ ಮೇಲೆ ಈ ಕೈ ನನ್ನ ಮಾತು ಕೇಳಲ್ಲ.”

ಇನ್‌ಸ್ಪೆಕ್ಟರು ಮೇಡಂಗೆ ಫೋನ್ ಮಾಡಿದರು. ಆಮೇಲೆ ತಾವೇ ಎದ್ದು ಹೋಗಿ ಯಜಮಾನರಿಗೆ ಚಹಾ ಕೊಟ್ಟು, ಇನ್ನೊಂದಷ್ಟು ಹೊತ್ತು ಕಾಯಿರೆಂದು ಬೇಡಿಕೊಂಡರು. ಮೇಡಂ ಓಡೋಡಿ ಬಂದರು. ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿಯನ್ನು ಕರೆತಂದು, ಹೇಗೆ ತೋರಿಸಬೇಕೆಂದು ಹೇಳಿಕೊಟ್ಟರು. ಅವನು ಕೈಯ ಮಣ್ಣು ತೊಳೆದುಕೊಂಡು, “ಇರಬಹುದು, ಇಲ್ಲದೆಯೂ ಇರಬಹುದು” ಎಂದು ಬಾಯಿಪಾಠ ಮಾಡುತ್ತ ಒಳಗೆ ಹೋದ.

ಯಜಮಾನರು ಆರೂ ಮುಖಗಳನ್ನು ನೋಡಿ ಇಲ್ಲವೆಂದು ತಲೆಯಾಡಿಸಿದರು. “ಇವರಲ್ಲಿ ಯಾರೂ ಅಲ್ಲ.”

ಯುವಕನ ಮೇಲೆ ಅನುಮಾನ ಬಂದದ್ದು ಅಂಗಿಯ ಬಣ್ಣದಿಂದ. ಆ ಹೊತ್ತಿನಲ್ಲಿ ಬೇಕರಿಯಲ್ಲಿ ಹಿಟ್ಟಿನ ಮೂಟೆ ಇಳಿಸುತ್ತಿದ್ದೆ ಎಂದು ಅವನು ಮೊದಲಿನಿಂದ ಹೇಳುತ್ತಲೇ ಇದ್ದ. ಈಗ ಪೊಲೀಸರು ಬೇಕರಿಗೆ ಹೋಗಿ ಕ್ಯಾಮೆರಾ ನೋಡಿದರು. ಮಾತು ನಿಜವಾಗಿತ್ತು. ಅಂದು ಸಂಜೆಯೇ ಅವನನ್ನು ಬಿಟ್ಟರು.

“ನಾನೇ ತೋರಿಸಿದ್ರೆ ಏನಾಗ್ತಿತ್ತು ಅಂತ ಎಷ್ಟೋ ಸಲ ಅಂದ್ಕೋತೀನಿ,” ಎನ್ನುತ್ತಾರೆ ಅಕ್ಕ. “ಕನಿಕರಕ್ಕೆ ಆ ಫೋಟೋನ ಬೇಗ ಸರಿಸಿಬಿಡ್ತಿದ್ದೆನೋ. ಇಲ್ಲಾಂದ್ರೆ, ಹಾಗೆ ಸರಿಸಬಾರದು ಅಂತ ನಾನು ಜಾಸ್ತಿ ಹೊತ್ತು ಹಿಡ್ಕೊಂಡಿದ್ರೆ, ಆ ಹಿರಿಯರು ‘ಇವನೇ’ ಅಂದುಬಿಡ್ತಿದ್ರೋ. ಸದ್ಯ, ಎರಡೂ ಆಗ್ಲಿಲ್ಲ.”

ಆ ಕೇಸಿನಿಂದ ಅಕ್ಕ ಹಿಂದೆ ಸರಿದಿದ್ದರಿಂದ ಅದರ ಸುದ್ದಿ ಅವರಿಗೆ ತಿಳಿದರೂ ಈಗ ತಪ್ಪಿರಲಿಲ್ಲ. ಮರುದಿನ ಬೆಳಗ್ಗೆ ಗಂಡ ಪೇಪರು ತಂದಿಟ್ಟಾಗ ಕತ್ತರಿ ಇನ್ನೂ ಅವರ ಕೈಯಲ್ಲೇ ಇತ್ತು. ಹಾಳೆಯಲ್ಲಿ ಎಂದಿನಂತೆ ತೂತುಗಳಿದ್ದವು. ಮೂಲೆಯಲ್ಲಿ, ಆ ಯುವಕನನ್ನು ಬಿಟ್ಟ ನಾಲ್ಕು ಸಾಲಿನ ಸುದ್ದಿ ಮಾತ್ರ ಹಾಗೇ ಉಳಿದಿತ್ತು.

“ಇದು ಓದಬಹುದಾ?”

“ಓದು, ಓದು. ನಿನಗೋಸ್ಕರಾನೇ ಬಿಟ್ಟಿದ್ದೀನಿ.”

ನಿವೃತ್ತಿಯಾದ ಮೇಲೆ ತೂತಿಲ್ಲದ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕೆಂಬುದು ಅಕ್ಕನ ಆಸೆ. ಸದ್ಯಕ್ಕೆ ಆ ನಾಲ್ಕು ಸಾಲೇ ಸಾಕಂತೆ.

“ಇಷ್ಟು ವರ್ಷದಲ್ಲಿ ಕೊನೆ ಏನಾಯ್ತು ಅಂತ ನನಗೆ ಗೊತ್ತಿರೋದು ಅದೊಂದೇ ಕೇಸು,” ಎನ್ನುತ್ತ ನಾಳೆಯ ಸಾಕ್ಷಿಗಾಗಿ ಲೋಟ ತೊಳೆದು ಬೋರಲು ಹಾಕುತ್ತಾರೆ. “ಅದು ಚೆನ್ನಾಗೇ ಮುಗೀತು.”