ಕೊಡಲಿ ಹಿಡಿದವರು ಯಾರು

ರಿಪೇರಿ ಅಕ್ಕನ ಬೆರಳ ತುದಿಯಲ್ಲಿ ಕಣ್ಣಿದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಗಿರಾಕಿಯ ಜೊತೆ ಲೋಕಾಭಿರಾಮ ಮಾತಾಡುತ್ತಲೇ ಡಬ್ಬಿಗೆ ಕೈ ಹಾಕಿ, ನೋಡದೆಯೇ ಸರಿಯಾದ ಅಳತೆಯ ಬಿಟ್ ಎತ್ತಿ ಸ್ಕ್ರೂಡ್ರೈವರಿನ ಮೂತಿಗೆ ಸಿಕ್ಕಿಸುವವಳು ಅವಳು. ಅಂಗಡಿಯಲ್ಲಿ ಅರ್ಧ ಅವಳದು, ಇನ್ನರ್ಧ ತಂಗಿಯದು. ತಂಗಿ ಆ ಕಡೆ ಜೆರಾಕ್ಸ್ ಯಂತ್ರ ಓಡಿಸುತ್ತಾಳೆ. ಕಿವಿಯನ್ನು ಮಾತ್ರ ಈ ಕಡೆಗೇ ಬಿಟ್ಟಿರುತ್ತಾಳೆ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಮದುವೆಗೆ ಮುಂಚೆ ರೇಡಿಯೋ ಅಂಗಡಿಯೊಂದರಲ್ಲಿ ಕೆಲಸ ಕಲಿತಳು. ಆಮೇಲೆ ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತ ಮೊಬೈಲ್ ಬಿಚ್ಚಿದಳು. ಹೆಂಗಸಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ ಎಂದು ಮೂಗು ಮುರಿದವರೇ ಕೊನೆಗೆ ಅವಳ ಮೇಜಿನ ಮುಂದೆ ಕೈಕಟ್ಟಿ ನಿಂತರು. ಹಾಗೆ ಗೆದ್ದವಳಿಗೆ ನಾಲಿಗೆಯೂ ಸ್ವಲ್ಪ ಹರಿತವಾಯಿತು. ಬೇರೆ ಯಾರೋ ಬಿಚ್ಚಿ ಕೆಡಿಸಿದ ಯಂತ್ರ ಬಂದರೆ ಸಾಕು, "ಇದನ್ನ ಬಿಚ್ಚಿದವರು ಯಾರು, ಕೊಡಲಿ ಹಿಡ್ಕೊಂಡಿದ್ರಾ?" ಎನ್ನುತ್ತಿದ್ದಳು. ಜೆರಾಕ್ಸಿಗೆ ನಿಂತವರು ನಗುತ್ತಿದ್ದರು. ಆ ನಗು ಅವಳಿಗೆ ಹಿತವಾಗಿತ್ತು.

ಆದರೆ ಇತ್ತೀಚೆಗೆ ಮುಖದ ಮೇಲಿನ ಕಣ್ಣು ಕೈಕೊಡತೊಡಗಿತ್ತು. ದೂರದ್ದು ಸರಿ, ಹತ್ತಿರದ್ದು ಮಂಜು. ಕನ್ನಡಕ ಮಾಡಿಸಿಯೂ ಆಗಿತ್ತು. ಅದು ಡ್ರಾಯರಿನಲ್ಲಿ, ಕೆಟ್ಟುಹೋದ ಚಾರ್ಜರುಗಳ ವೈರಿನ ನಡುವೆ ಬಿದ್ದುಕೊಂಡಿತ್ತು.

"ಹಾಕ್ಕೊಳ್ಳೇ ಅಕ್ಕ, ಯಾರು ನೋಡ್ತಾರೆ?" ಎಂದಿದ್ದಳು ತಂಗಿ.

"ನೋಡೋಕಂತಲೇ ಜನ ಬರೋದು ಕಣೇ. ಇದನ್ನ ಕಂಡ್ರೆ ನಾಳೆಯಿಂದ ಆಚೆ ಬೀದಿಗೆ ಹೋಗ್ತಾರೆ."

ಆ ಬೆಳಿಗ್ಗೆ ಶಿಶುವಿಹಾರದ ಟೀಚರ್ ಬಂದರು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಪುಟ್ಟ ಮಗಳು. ಫ್ಯಾನು ಗೊರಗೊರ ಅನ್ನುತ್ತೆ, ಕಾದು ತಾನೇ ಆಫ್ ಆಗುತ್ತೆ ಎಂದರು. "ಮೊನ್ನೆ ರಜೆಯಲ್ಲಿ ನಮ್ಮನೆಯವರೇ ಬಿಚ್ಚಿ ಧೂಳು ಹೊಡೆದ್ರು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಶುರು." ಅವರ ಮನೆಯವರು ಬಸ್ ಡ್ರೈವರ್, ಮಾತು ಕಡಿಮೆಯ ಮನುಷ್ಯ.

ಅಕ್ಕ ಎಂದಿನಂತೆ ಟೀಚರ ಮುಖ ನೋಡುತ್ತಲೇ ಬಿಟ್ ಎತ್ತಿದಳು. ಪರದೆ ಮಡಚುವ ಕೀಲಿನ ಪಕ್ಕದ ಸ್ಕ್ರೂಗೆ ಒತ್ತಿ ತಿರುಗಿಸಿದಳು. ಕ್ರರ್ ಎಂದು ಜಾರಿತು. ಇನ್ನೂ ಒತ್ತಿದಳು. ಮತ್ತೆ ಜಾರಿತು. ಪಕ್ಕದ್ದಕ್ಕೆ ಹಾಕಿದಳು, ಅದೂ ಹಾಗೇ. ಲ್ಯಾಪ್‌ಟಾಪನ್ನು ಕಿಟಕಿಯ ಬೆಳಕಿಗೆ ಹಿಡಿದು, ತೋಳು ಚಾಚಿ ದೂರದಿಂದ ನೋಡಿದಳು. ಸ್ಕ್ರೂಗಳ ತಲೆಯ ಮೇಲಿನ ಪ್ಲಸ್ ಗುರುತು ಹೋಗಿ, ಎರಡೂ ಕಡೆ ಗುಂಡನೆಯ ಗುಳಿ ಬಿದ್ದಿತ್ತು. ಗುಳಿ ಬೆಳ್ಳಗೆ ಮಿಂಚುತ್ತಿತ್ತು. ಹಳೆಯ ಗಾಯ ಹಾಗೆ ಮಿಂಚುವುದಿಲ್ಲ. ಒಂದು ಅಳತೆ ಚಿಕ್ಕ ಬಿಟ್ ಹಾಕಿದ್ದೇನೆಂದು ಅವಳಿಗೆ ಆ ಕ್ಷಣವೇ ತಿಳಿಯಿತು.

"ಏನಾಯ್ತು ಅಕ್ಕ?"

"ಸ್ಕ್ರೂ ತಲೆ ಬೋಳಾಗಿದೆ," ಎಂದಳು. ಮುಂದಿನ ಮಾತು ಅಭ್ಯಾಸಬಲದಿಂದ ತಾನೇ ಉರುಳಿತು: "ಬಿಚ್ಚಿದವರು ಕೊಡಲಿ ಹಿಡ್ಕೊಂಡಿದ್ರಾ?"

ಜೆರಾಕ್ಸಿಗೆ ನಿಂತ ಜನ ನಕ್ಕರು. ಟೀಚರ ಮುಖ ಕೆಂಪಾಯಿತು. ಅಲ್ಲೇ ನಿಂತು ಫೋನ್ ಮಾಡಿದರು. "ಏನ್ರೀ, ಮುಟ್ಟಬೇಡಿ ಅಂದಿದ್ದೆ ತಾನೆ? ಮನೇಲಿ ಒಂದು ವಸ್ತು ನೆಟ್ಟಗಿರೋಕೆ ಬಿಟ್ಟಿದ್ದೀರಾ? ಇಲ್ಲಿ ಎಲ್ಲರೂ ನಗ್ತಿದ್ದಾರೆ!" ಮಗು ಅಮ್ಮನ ಸೆರಗು ಹಿಡಿದು ತಲೆಯೆತ್ತಿ ಕೇಳುತ್ತಿತ್ತು.

ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಬಗ್ಗಿ ಡಬ್ಬಿಯಲ್ಲಿ ಏನನ್ನೋ ಹುಡುಕುತ್ತಿರುವಂತೆ ಕೂತಳು.

ಮಧ್ಯಾಹ್ನ ತಂಗಿ ಊಟಕ್ಕೆ ಹೋದ ಮೇಲೆ ಬಾಗಿಲು ಅರ್ಧ ಎಳೆದು ಕನ್ನಡಕ ಹಾಕಿಕೊಂಡಳು. ರಬ್ಬರ್ ಬ್ಯಾಂಡಿನ ಚೂರನ್ನು ಗುಳಿಯ ಮೇಲಿಟ್ಟು, ಸರಿಯಾದ ಬಿಟ್ ಒತ್ತಿ, ಉಸಿರು ಹಿಡಿದು ತಿರುಗಿಸಿದಾಗ ಮೊದಲನೆಯದು ಕದಲಿ ಮೇಲೆ ಬಂತು. ಎರಡನೆಯದು ಜಪ್ಪಯ್ಯ ಅಂದರೂ ಕದಲಲಿಲ್ಲ. ಅದನ್ನು ಬಿಟ್ಟು ಸುತ್ತಲಿನ ಉಳಿದವನ್ನೆಲ್ಲ ತೆಗೆದು ಬಿಳಿ ಕಾಗದದ ಮೇಲಿಟ್ಟಳು. ಒಂದೊಂದರ ತಲೆಯೂ ಹೊಸದಾಗಿ ಅಚ್ಚಿನಿಂದ ತೆಗೆದಂತಿತ್ತು. ಒಂದು ಗೀರಿಲ್ಲ. ಬಸ್ ಡ್ರೈವರ್ ಇಷ್ಟನ್ನೂ ಬಿಚ್ಚಿ, ಇಷ್ಟನ್ನೂ ಮತ್ತೆ ಹಾಕಿದ್ದ. ಅಷ್ಟು ಜೋಪಾನದ ಕೈಗೆ ತಾನು ಕೊಡಲಿ ಕೊಟ್ಟಿದ್ದಳು.

ಬಾಗಿಲ ಬಳಿ ಯಾರೋ ಕೆಮ್ಮಿದರು. ಕನ್ನಡಕ ಸರಕ್ಕನೆ ಡ್ರಾಯರಿಗೆ ಹೋಯಿತು.

ಬಂದವನು ಅವನೇ. ಸಮವಸ್ತ್ರದಲ್ಲೇ ಇದ್ದ. ಕೈಯಲ್ಲೊಂದು ಹಳದಿ ಪ್ಲಾಸ್ಟಿಕ್ ಬಾತುಕೋಳಿ.

"ಅಕ್ಕ, ನನ್ನಿಂದ ನಿಮಗೆ ತುಂಬಾ ತೊಂದರೆ ಆಯ್ತು."

"ಅಯ್ಯೋ, ಬಿಡಿ. ಯಾರ ಕೈಲಾದ್ರೂ ಆಗುತ್ತೆ."

"ನಿಮ್ಮದು ದೊಡ್ಡ ಮನಸ್ಸು. ಯೋಚನೆ ಮಾಡಿದ್ರೆ, ಆ ಮೂಲೆಯದು ತಿರುಗಿಸುವಾಗ ಒಂದ್ಸಲ ಜಾರಿದ ಹಾಗೆ ನೆನಪು." ಬಾತುಕೋಳಿಯನ್ನು ಮೇಜಿನ ಮೇಲಿಟ್ಟ. "ಇದಕ್ಕೆ ಸೆಲ್ ಹಾಕಬೇಕು. ಹೊಟ್ಟೆಯಲ್ಲಿ ಒಂದೇ ಒಂದು ಸ್ಕ್ರೂ. ಈಗ ಊಟಕ್ಕೆ ಹೋದಾಗ ನಾನೇ ಬಿಚ್ಚೋಣ ಅಂತ ಕೂತ್ರೆ ಮಗಳು ಕಿತ್ಕೊಂಡ್ಲು. 'ಅಪ್ಪ, ನೀನು ಮುಟ್ಟಬೇಡ, ಮುರಿದೋಗುತ್ತೆ, ರಿಪೇರಿ ಅಜ್ಜಿಗೆ ಕೊಡು' ಅಂದ್ಲು." ನಗಲು ಹೋದ, ನಗು ಅರ್ಧಕ್ಕೇ ನಿಂತಿತು.

ಅಜ್ಜಿ ಎಂಬ ಮಾತು ಬೇರೆ ದಿನವಾಗಿದ್ದರೆ ಚುಚ್ಚುತ್ತಿತ್ತು. ಇಂದು ಚುಚ್ಚಿದ್ದು ಅದರ ಹಿಂದಿನ ಮಾತು.

"ಕೂತ್ಕೊಳ್ಳಿ. ಇದನ್ನ ಅಲುಗದ ಹಾಗೆ ಹಿಡ್ಕೊಳ್ಳಿ," ಎಂದಷ್ಟೇ ಹೇಳಿದಳು. ಹಳೆಯ ಬಿಟ್ಟಿನ ತುದಿಗೆ ಗಟ್ಟಿ ಅಂಟಿನ ಒಂದು ಹನಿ ತಾಗಿಸಿ, ಬೋಳು ಸ್ಕ್ರೂವಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅಂಟು ಒಣಗುವವರೆಗೂ ಹಿಡಿದಳು. ಅವನ ಕೈ ಕಲ್ಲಿನಂತೆ ಸ್ಥಿರವಾಗಿತ್ತು. ತಿರುಗಿಸಿದಾಗ ಟಕ್ ಎಂದು ಬಿಟ್ಟುಕೊಟ್ಟು ಸ್ಕ್ರೂ ಬಿಟ್ಟಿನ ಜೊತೆಗೇ ಮೇಲೆದ್ದು ಬಂತು.

ಅವಳು ಅದನ್ನು ಕಿತ್ತು ಕಾಗದದ ಮೇಲಿಟ್ಟಳು. ಅವನು ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸಿದ. "ಇದು ನನ್ನ ಜೇಬಲ್ಲೇ ಇರಲಿ ಅಕ್ಕ. ಇನ್ನೊಂದ್ಸಲ ಏನಾದ್ರೂ ಬಿಚ್ಚೋಕೆ ಹೋದ್ರೆ ಬುದ್ಧಿ ಹೇಳುತ್ತೆ." ಅಂಗಿಯ ಜೇಬಿನ ಗುಂಡಿ ಬಿಚ್ಚಿದ.

"ಕೊಡಿ ಇಲ್ಲಿ," ಎಂದಳು ಅಕ್ಕ. "ಅದು ನಿಮ್ಮದಲ್ಲ, ನಂದು."

ಡ್ರಾಯರ್ ಎಳೆದು ಕನ್ನಡಕ ತೆಗೆದು ಅವನೆದುರೇ ಹಾಕಿಕೊಂಡಳು. ಕಾಗದದ ಮೇಲಿನ ಸ್ಕ್ರೂಗಳನ್ನು ಅವನ ಕಡೆ ತಳ್ಳಿದಳು. "ಇವು ನೀವು ಬಿಚ್ಚಿ ಹಾಕಿದ್ದು, ನೋಡಿ. ಒಂದಕ್ಕೂ ಗಾಯ ಇಲ್ಲ. ಬೋಳಾದ ಅವೆರಡೂ ನಿಮ್ಮ ಕೈಯಲ್ಲಿ ಚೆನ್ನಾಗೇ ಇದ್ವು. ಕೆಡಿಸಿದ್ದು ನಾನು. ಬಿಟ್ ತಪ್ಪು ಹಾಕಿದೆ, ಕಣ್ಣಿಗೆ ಕಾಣಲಿಲ್ಲ. ಕಂಡ ಮೇಲೂ ಬಾಯಿ ಬಿಡಲಿಲ್ಲ."

ಅವನು ಸ್ಕ್ರೂಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದ. "ಮತ್ತೆ... ಜಾರಿದ್ದು ನೆನಪಿದೆಯಲ್ಲ ನಂಗೆ?"

"ಜಾರಿಲ್ಲಪ್ಪ. ಬೈಸ್ಕೊಂಡ ಮೇಲೆ ನೆನಪಾಗಿದ್ದು ಅದು."

ಅವನು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಟೋಪಿ ಹಾಕಿಕೊಂಡು ಎದ್ದು, "ಮನೇಲಿ ನಾನು ಹೇಳಿದ್ರೆ ನಂಬೋದಿಲ್ಲ. ನೀವೇ ಹೇಳ್ತೀರಾ?" ಎಂದು ಕೇಳಿದ.

ಸಂಜೆ ಟೀಚರ್ ಬಂದಾಗ ಅಂಗಡಿ ತುಂಬಿತ್ತು. ಒಳಗೆ ಕರೆದು ಪಿಸುಗುಟ್ಟಬಹುದಿತ್ತು. ಆದರೆ ಬೆಳಗಿನ ನಗು ಎಲ್ಲರ ಮುಂದೆ ಎದ್ದಿತ್ತಲ್ಲ. ಅಕ್ಕ ಕನ್ನಡಕದಲ್ಲೇ ಎದ್ದು ನಿಂತು, ಜೆರಾಕ್ಸ್ ಯಂತ್ರದ ಸದ್ದಿನ ಮೇಲೂ ಕೇಳುವ ಹಾಗೆ ತನ್ನ ತಪ್ಪನ್ನು ಹೇಳಿದಳು. ತಂಗಿ ಯಂತ್ರವನ್ನೇ ನಿಲ್ಲಿಸಿಬಿಟ್ಟಳು.

"ಹಾಗಾದ್ರೆ ಕೊಡಲಿ ಇಲ್ಲೇ ಇತ್ತು ಅನ್ನಿ!" ಎಂದ ಸಾಲಿನಲ್ಲಿದ್ದವನೊಬ್ಬ. ಮತ್ತೆ ನಗು. ಈ ಸಲ ಅದರ ರುಚಿ ಬೇರೆಯಿತ್ತು.

ಟೀಚರ್ ನಗಲಿಲ್ಲ. "ಬೆಳಿಗ್ಗೆ ಹೇಳೋಕೆ ನಿಮಗೇನಾಗಿತ್ತು ಅಕ್ಕ? ಅವರಿಗೆ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ನಾನು."

ಅಕ್ಕ ಮಗುವಿನ ಎತ್ತರಕ್ಕೆ ಬಗ್ಗಿದಳು. "ಪುಟ್ಟಿ, ಅಪ್ಪ ಏನೂ ಮುರಿದಿಲ್ಲ ಕಣಮ್ಮ. ಮುರಿದಿದ್ದು ನಾನು."

ಮಗು ಅವಳ ಕನ್ನಡಕವನ್ನೂ ಅಮ್ಮನ ಮುಖವನ್ನೂ ನೋಡಿತು. ಆಮೇಲೆ ಮೇಜಿನ ಮೇಲಿದ್ದ ಬಾತುಕೋಳಿಯನ್ನು ಎಳೆದು ಎದೆಗವಚಿಕೊಂಡಿತು.

"ಹಾಗಾದ್ರೆ ಇದನ್ನ ನೀನು ಮುಟ್ಟಬೇಡ. ಅಪ್ಪನೇ ಬಿಚ್ಚಲಿ."

"ಸರಿ," ಎಂದಳು ಅಕ್ಕ. ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನು ಹುಡುಕಿ, ಒಂದಕ್ಕೆ ಎರಡು ಸಲ ನೋಡಿ, ಕಾಗದದಲ್ಲಿ ಸುತ್ತಿ ಟೀಚರ ಕೈಗಿಟ್ಟಳು. ಕನ್ನಡಕ ತೆಗೆದು ಒಳಗಿಡಬೇಕೆಂದು ಕೈ ತಾನಾಗಿ ಮೇಲೆ ಹೋಯಿತು. ಅವಳು ಅದನ್ನು ಮೂಗಿನ ಮೇಲೆ ಇನ್ನಷ್ಟು ಸರಿಪಡಿಸಿಕೊಂಡು, ತಲೆ ತಗ್ಗಿಸಿ ಫ್ಯಾನಿನ ಕೆಲಸಕ್ಕೆ ಕೂತಳು.